ವೇಷವೂ ವ್ಯಸನವೂ

ಬೇವೂರು ಸೀಮೆಯ ವಾಚಕರಿಗೆ ವೇಷ ತೊಟ್ಟು ಆಡುವುದು ಹೊಸತಲ್ಲ. ದೊಡ್ಡಾಟದಲ್ಲಿ ಭೀಮನಾದವನು ಇರುಳೆಲ್ಲ ಗರ್ಜಿಸಿ, ಬೆಳಗಿನ ಮಂಗಳದೊಡನೆ ಬಣ್ಣ ತೊಳೆದು ಹೊಲಕ್ಕೆ ನಡೆಯುವನು.

1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಪಾತ್ರಧಾರಣೆಯ ಆಟವು ಪ್ರಕಟವಾಯಿತು. ಬಳಿಕ ಆ ಬಗೆಯ ಆಟವು ಅಂತರ್ಜಾಲವನ್ನು ಸೇರಿ, ದೂರದೇಶದವರನ್ನು ಒಂದೇ ರಂಗದಲ್ಲಿ ಕೂಡಿಸಿತು. ಇದು ವಿನೋದವೋ ವ್ಯಸನವೋ? ಈ ರಂಗಕ್ಕೆ ಮಂಗಳವಿಲ್ಲ. ಒಬ್ಬನು ಮಲಗಿದರೂ ಆಟವು ನಡೆದೇ ಇರುತ್ತದೆ. 2014ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥ ಗೀಳಿಗೆ ಚಿಕಿತ್ಸಾಲಯವನ್ನು ತೆರೆಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿತು. ಆದರೂ ಅದಕ್ಕೆ ತುತ್ತಾಗುವವರು ಆಡುವವರಲ್ಲಿ ಕೆಲವರು ಮಾತ್ರವೆಂದು ಆ ಸಂಸ್ಥೆಯೇ ತಿಳಿಸಿದೆ.

ಆದುದರಿಂದ ದೋಷವು ವೇಷದಲ್ಲಿಲ್ಲ, ಅದನ್ನು ಕಳಚದಿರುವುದರಲ್ಲಿದೆ. ಭಾಗವತನಿಲ್ಲದ ಈ ಆಟಕ್ಕೆ ಮಂಗಳ ಹಾಡುವ ಭಾರವು ಮನೆಯ ಹಿರಿಯರಾದ ನಮ್ಮದು.