ಮೇಲ್ ಉಳಿಸಿಡಲು ಎಂಬಾಕ್ಸ್, ಮೇಲ್‌ಡಿರ್, ಪಿಎಸ್‌ಟಿ: ನಮಗೆ ಯಾವುದು ಸರಿ?

ಕೆಲಸ ಬಿಟ್ಟು ಊರಿಗೆ ಹೊರಡುವಾಗ ಸೂಟ್‌ಕೇಸಿನ ತೂಕ ನೋಡ್ತೇವೆ, ಮೇಲ್ ಮರೆತುಬಿಡ್ತೇವೆ. ಆಫರ್ ಲೆಟರ್, ಸಂಬಳದ ಸ್ಲಿಪ್, ವೀಸಾ ಪ್ರತಿ, ಮಕ್ಕಳ ಶಾಲೆಯ ರಸೀದಿ ಎಲ್ಲಾ ಇರೋದು ಅಲ್ಲೇ. ಗ್ರಾಚ್ಯುಟಿ ಲೆಕ್ಕದಲ್ಲಿ ತಕರಾರು ಬಂದರೆ ಇವೇ ಆಧಾರ. ಆದ್ದರಿಂದ ಮೇಲ್ ಯಾವ ರೂಪದಲ್ಲಿ ಉಳಿಯುತ್ತದೆ ಎಂದು ತಿಳಿದಿರಬೇಕು.

ಎಂಬಾಕ್ಸ್: ಇದು ಬೈಂಡ್ ಮಾಡಿದ ಲೆಡ್ಜರ್ ಇದ್ದ ಹಾಗೆ. ಒಂದು ಫೋಲ್ಡರಿನ ಎಲ್ಲಾ ಮೇಲ್‌ಗಳೂ ಒಂದೇ ಫೈಲಿನಲ್ಲಿ ಸಾಲಾಗಿ ಇರುತ್ತವೆ. ಥಂಡರ್‌ಬರ್ಡ್ ಮೊದಲಿನಿಂದ ಬಳಸೋದು ಇದನ್ನೇ. ಜಿಮೇಲ್‌ನಿಂದ ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಂಡರೂ ಸಿಗೋದು ಇದೇ. ಬಹಳಷ್ಟು ಪ್ರೋಗ್ರಾಂಗಳು ಇದನ್ನು ಓದುತ್ತವೆ. ಕೊರತೆ ಏನೆಂದರೆ, ಮೇಲ್ ಅಳಿಸಿದರೂ ‘ಕಾಂಪ್ಯಾಕ್ಟ್’ ಆಗುವವರೆಗೆ ಫೈಲಿನ ಗಾತ್ರ ಇಳಿಯುವುದಿಲ್ಲ. ಫೈಲು ಕೆಟ್ಟರೆ ಇಡೀ ಫೋಲ್ಡರಿಗೇ ಅಪಾಯ.

ಮೇಲ್‌ಡಿರ್: ಇದು ವೋಚರ್ ಫೈಲ್. ಪ್ರತಿ ಮೇಲ್‌ಗೂ ಬೇರೆ ಬೇರೆ ಫೈಲು. ಒಂದು ಕೆಟ್ಟರೆ ಉಳಿದವು ಕ್ಷೇಮ. ಬ್ಯಾಕಪ್ ಪ್ರೋಗ್ರಾಂ ಬಳಸುವವರಿಗೆ ಹೊಸ ಮೇಲ್‌ಗಳನ್ನಷ್ಟೇ ಕಾಪಿ ಮಾಡಿದರೆ ಸಾಕು. ಆದರೆ ಸಾವಿರಾರು ಸಣ್ಣ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕೋಕೆ ಹೊತ್ತು ಹಿಡಿಯುತ್ತೆ. ಥಂಡರ್‌ಬರ್ಡ್ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆರಿಸಬಹುದು. ಅದು ಮುಂದೆ ಸೇರಿಸುವ ಖಾತೆಗೆ ಮಾತ್ರ ಅನ್ವಯ.

ಪಿಎಸ್‌ಟಿ: ಇದು ಔಟ್‌ಲುಕ್‌ನ ರೂಪ. ಮೇಲ್, ವಿಳಾಸ, ಕ್ಯಾಲೆಂಡರ್ ಎಲ್ಲಾ ಒಂದೇ ಫೈಲಿನಲ್ಲಿ. ಔಟ್‌ಲುಕ್ 2002ರವರೆಗಿನ ಹಳೆಯ ಪಿಎಸ್‌ಟಿಗೆ 2 ಜಿಬಿ ಮಿತಿ ಇತ್ತು. 2010ರಿಂದ ಸಾಮಾನ್ಯ ಮಿತಿ 50 ಜಿಬಿ. ಒಎಸ್‌ಟಿ ಎಂಬ ಫೈಲು ಕಂಡರೆ ಅದನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ. ಅದು ಸರ್ವರ್‌ನಲ್ಲಿರುವುದರ ನಕಲು ಅಷ್ಟೇ. ಬೇರೆ ಕಂಪ್ಯೂಟರಿಗೆ ಒಯ್ದರೆ ಔಟ್‌ಲುಕ್ ಅದನ್ನು ನೇರವಾಗಿ ತೆರೆಯೋದಿಲ್ಲ.

ಇನ್ನೊಂದು ಪಾಠ ನಾನೇ ಕಲಿತದ್ದು. ಹೊರಡುವ ಹಿಂದಿನ ರಾತ್ರಿ 6 ಜಿಬಿ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಲು ಹೋದೆ. 32 ಜಿಬಿ ಜಾಗ ಖಾಲಿ ಇದ್ದರೂ ಹಿಡಿಸಲಿಲ್ಲ! ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್‌ನಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿದ ಮೇಲೆ ಕೆಲಸ ಆಯ್ತು. ಫಾರ್ಮ್ಯಾಟ್ ಮಾಡಿದರೆ ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಯುತ್ತೆ, ಜೋಪಾನ.

ನನ್ನ ಸಲಹೆ ಇಷ್ಟು. ಊರಿಗೆ ಒಯ್ದು ವರ್ಷಗಟ್ಟಲೆ ಇಡೋದಾದರೆ ಎಂಬಾಕ್ಸ್. ವರ್ಷಕ್ಕೊಂದು ಫೋಲ್ಡರ್ ಮಾಡಿ, ಫೈಲು ಚಿಕ್ಕದಿರಲಿ. ದಿನಾ ಬ್ಯಾಕಪ್ ಆಗುವ ಕಂಪ್ಯೂಟರಿಗೆ ಮೇಲ್‌ಡಿರ್. ಮುಂದೆಯೂ ಔಟ್‌ಲುಕ್ ಇರುತ್ತೆ ಅನ್ನುವವರಿಗೆ ಪಿಎಸ್‌ಟಿ.

ಕಂಪನಿಯ ವ್ಯವಹಾರದ ಮೇಲ್ ಮುಟ್ಟಬೇಡಿ. ನಿಮ್ಮ ಸ್ವಂತ ಕಾಗದಪತ್ರ ಬೇಕಿದ್ದರೆ ಎಚ್‌ಆರ್ ಅವರನ್ನು ಕೇಳಿಯೇ ಪಡೆಯಿರಿ. ಕಾಪಿ ಮಾಡುವ ಮೊದಲು ಮೇಲ್ ಪ್ರೋಗ್ರಾಂ ಮುಚ್ಚಿ. ಆಮೇಲೆ ಆ ಪ್ರತಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್, ತಾಳೆ ನೋಡದ ಲೆಕ್ಕ ಎರಡೂ ಒಂದೇ.