ಜಂಕ್‌ಶಾಪ್ ಗ್ಲ್ಯಾಮ್

ಜಂಕ್‌ಶಾಪ್ ಗ್ಲ್ಯಾಮ್: 1970ರ ದಶಕದ ಮೊದಲರ್ಧದಲ್ಲಿ ಬ್ರಿಟನ್ನಿನಲ್ಲಿ ಹೊರಬಂದು, ಮಾರಾಟವಾಗದೆ ಮೂಲೆ ಸೇರಿ, ಸುಮಾರು ಮೂವತ್ತು ವರ್ಷಗಳ ನಂತರ ಸಂಗ್ರಾಹಕರ ಕೈಯಲ್ಲಿ ಮರುಹುಟ್ಟು ಪಡೆದ ಗ್ಲ್ಯಾಮ್ ರಾಕ್ ಸಿಂಗಲ್‌ಗಳ (ಬದಿಗೊಂದು ಹಾಡಿರುವ ಸಣ್ಣ ಧ್ವನಿತಟ್ಟೆಗಳ) ಒಟ್ಟು ಹೆಸರು. ಜಂಕ್‌ಶಾಪ್ ಎಂದರೆ ಗುಜರಿ ಅಂಗಡಿ. ಸಂಗೀತದ ಪ್ರಕಾರಗಳಿಗೆ ಊರಿನಿಂದಲೋ ತಾಳದಿಂದಲೋ ವಾದ್ಯದಿಂದಲೋ ಹೆಸರು ಬರುವುದುಂಟು. ಇದಕ್ಕೆ ಬಂದದ್ದು ತಟ್ಟೆಗಳು ಕಟ್ಟಕಡೆಗೆ ಬಿದ್ದಿದ್ದ ಜಾಗದಿಂದ. ಇಂಥದೊಂದು ಪ್ರಕಾರ ಇದೆಯೆಂದು ಅದನ್ನು ಹಾಡಿದವರಿಗೇ ಆಗ ಗೊತ್ತಿರಲಿಲ್ಲ.

ಮೂಲ ಗ್ಲ್ಯಾಮ್‌ನ ಕಥೆ ಎಲ್ಲರಿಗೂ ತಿಳಿದದ್ದೇ. 1971ರ ಮಾರ್ಚ್‌ನಲ್ಲಿ ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಕಣ್ಣಿನ ಕೆಳಗೆ ಮಿನುಗುಪುಡಿ ಹಚ್ಚಿಕೊಂಡು ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ. 1972ರ ಜುಲೈನಲ್ಲಿ ಅದೇ ಕಾರ್ಯಕ್ರಮದಲ್ಲಿ ಡೇವಿಡ್ ಬೋವಿ 'ಸ್ಟಾರ್‌ಮನ್' ಹಾಡಿದ. ಸ್ಲೇಡ್, ಸ್ವೀಟ್, ಮಡ್, ಸೂಝಿ ಕ್ವಾಟ್ರೊ ಒಬ್ಬರ ಹಿಂದೊಬ್ಬರು ಮಾರಾಟಪಟ್ಟಿಯ ಮೊದಲ ಸ್ಥಾನಕ್ಕೇರಿದರು. ಕೊನೆಯ ಮೂವರ ಹಾಡುಗಳನ್ನು ಬರೆದುಕೊಟ್ಟವರು ನಿಕಿ ಚಿನ್, ಮೈಕ್ ಚಾಪ್ಮನ್ ಎಂಬ ಒಂದೇ ಜೋಡಿ. ಸಾಮಗ್ರಿಯೂ ಸರಳ: ನೆಲ ಅದುರುವಂಥ ಡ್ರಮ್ಮು, ಚಪ್ಪಾಳೆ, ಗೊಗ್ಗರು ದನಿಯ ಗಿಟಾರ್, ಫುಟ್‌ಬಾಲ್ ಮೈದಾನದ ಕೂಗನ್ನು ಹೋಲುವ ಪಲ್ಲವಿ, 1950ರ ದಶಕದ ರಾಕ್ ಅಂಡ್ ರೋಲ್‌ನಿಂದ ಎತ್ತಿದ ಒಂದೆರಡು ತಿರುವು. ಆ ಡ್ರಮ್ ಧ್ವನಿಗೆ ಮಾದರಿ ಹಾಕಿಕೊಟ್ಟದ್ದು 1972ರಲ್ಲಿ ಮೈಕ್ ಲಿಯಾಂಡರ್ ನಿರ್ಮಿಸಿದ ಗ್ಯಾರಿ ಗ್ಲಿಟರ್‌ನ 'ರಾಕ್ ಅಂಡ್ ರೋಲ್'. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಶಿಕ್ಷೆಯಾದ ಮೇಲೆ ಗ್ಲಿಟರ್‌ನ ಹಾಡುಗಳನ್ನು ಬ್ರಿಟಿಷ್ ರೇಡಿಯೊ ಹೆಚ್ಚುಕಡಿಮೆ ಕೈಬಿಟ್ಟಿತು. ಆ ತಾಳ ಮಾತ್ರ ಅನುಕರಿಸಿದವರ ತಟ್ಟೆಗಳಲ್ಲಿ ಬದುಕಿಕೊಂಡಿದೆ.

ಅನುಕರಣೆ ಎಂಬ ಮಾತನ್ನು ಇಲ್ಲಿ ನಾಚಿಕೊಳ್ಳದೆ ಆಡಬೇಕು. 7 ಇಂಚಿನ ಸಿಂಗಲ್ ಎಂದರೆ ಕಡಿಮೆ ಬಂಡವಾಳದ ಜೂಜು. ಒಂದು ದಿನದ ಸ್ಟುಡಿಯೊ ಬಾಡಿಗೆ, ಕೂಲಿಗೆ ಬರುವ ನಾಲ್ಕು ಜನ ವಾದ್ಯಗಾರರು, ಅವಸರಕ್ಕೆ ಹುಟ್ಟಿಸಿದ ಒಂದು ಹೆಸರು ಇದ್ದರೆ ಸಾಕು. ಹಾಡು ಓಡಿದರೆ ಆ ಹೆಸರಿಗೊಂದು ತಂಡವನ್ನು ಆಮೇಲೆ ಕಟ್ಟಿಕೊಳ್ಳಬಹುದಿತ್ತು. ಡೆಕ್ಕಾ, ಪೈ, ಬೆಲ್‌ನಂಥ ಕಂಪನಿಗಳ ಜೊತೆ ಪೆನ್ನಿ ಫಾರ್ದಿಂಗ್‌ನಂಥ ಸಣ್ಣವೂ ಪೈಪೋಟಿಗೆ ಬಿದ್ದು ತಟ್ಟೆ ಹೊರಡಿಸಿದವು. ಆದರೆ ದೇಶಕ್ಕೆಲ್ಲ ಕೇಳಿಸುವ ಪಾಪ್ ಕೇಂದ್ರವಾಗಿ ಇದ್ದದ್ದು ಮುಖ್ಯವಾಗಿ ಬಿಬಿಸಿ ರೇಡಿಯೊ 1. ಕಾನೂನುಬದ್ಧ ಖಾಸಗಿ ರೇಡಿಯೊ ಲಂಡನ್ನಿನಲ್ಲಿ ಶುರುವಾದದ್ದೇ 1973ರ ಅಕ್ಟೋಬರ್‌ನಲ್ಲಿ. ಆ ಕಿರುಬಾಗಿಲಲ್ಲಿ ನುಗ್ಗಲಾರದ ಹಾಡು ಕೆಲವೇ ವಾರಗಳಲ್ಲಿ ಸತ್ತಂತೆ. ಮೇಲಿಂದ ಅದೇ ವರ್ಷದ ತೈಲ ಬಿಕ್ಕಟ್ಟು ಎರಗಿತು. ತಟ್ಟೆ ಅಚ್ಚಾಗುವ ವಿನೈಲ್ ಪೆಟ್ರೋಲಿಯಂ ಉತ್ಪನ್ನ, ಅದಕ್ಕೂ ಅಭಾವ. ಗಣಿ ಕಾರ್ಮಿಕರೊಂದಿಗಿನ ಜಗ್ಗಾಟದಲ್ಲಿ ಪ್ರಧಾನಿ ಹೀತ್ ಅವರ ಸರ್ಕಾರ 1974ರ ಆರಂಭದಲ್ಲಿ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ ಕೊಟ್ಟಿತು. ಬೀದಿ ಕತ್ತಲಾಗಿದ್ದ ಆ ತಿಂಗಳುಗಳಲ್ಲೂ ಮಿನುಗುಬಟ್ಟೆಯ ಹುಡುಗರ ತಟ್ಟೆಗಳು ಹೊರಬರುತ್ತಲೇ ಇದ್ದವೆಂಬುದು ವಿಚಿತ್ರವಾದರೂ ನಿಜ.

ಸೋಲಿನ ಬಗೆಗಳೂ ಹಲವು. ಎಡಿನ್‌ಬರೊದ ಐರನ್ ವರ್ಜಿನ್ ತಂಡ ಪಾಲ್ ಮೆಕಾರ್ಟ್ನಿಯ 'ಬ್ಯಾಂಡ್ ಆನ್ ದ ರನ್' ಆಲ್ಬಮಿನಲ್ಲಿದ್ದ 'ಜೆಟ್' ಹಾಡನ್ನು 1974ರಲ್ಲಿ ಸಿಂಗಲ್ಲಾಗಿ ತಂದಿತು. ಅಷ್ಟರಲ್ಲಿ ಮೆಕಾರ್ಟ್ನಿಯ ವಿಂಗ್ಸ್ ತಂಡವೇ ಅದನ್ನು ಸಿಂಗಲ್ ಮಾಡಿ ಹೊರಡಿಸಿತು. ಆನೆಯ ಎದುರು ಆಡಿನಮರಿ. ಅದೇ ವರ್ಷ ಅವರು ತಂದ 'ರೆಬೆಲ್ಸ್ ರೂಲ್' ಕೂಡ ಮೇಲೇಳಲಿಲ್ಲ. ಇಂದು ಈ ಪ್ರಕಾರಕ್ಕೆ ಒಂದೇ ಉದಾಹರಣೆ ಕೊಡಿ ಎಂದರೆ ಬಹಳ ಜನ ಹೇಳುವುದು ಅದನ್ನೇ. ಅಮೆರಿಕದಿಂದ ಲಂಡನ್ನಿಗೆ ಬಂದ ಬ್ರೆಟ್ ಸ್ಮೈಲಿಯನ್ನು ರೋಲಿಂಗ್ ಸ್ಟೋನ್ಸ್‌ನ ಹಳೆಯ ಮ್ಯಾನೇಜರ್ ಆಂಡ್ರ್ಯೂ ಲೂಗ್ ಓಲ್ಡ್‌ಹ್ಯಾಮ್ ಬೆನ್ನಿಗೆ ನಿಂತು ಮೆರೆಸಿದ. 1974ರಲ್ಲಿ 'ವಾ ವಾ ವಾ ವೂಮ್' ಹೊರಬಂತು, ಟಿವಿಯ ಹರಟೆ ಕಾರ್ಯಕ್ರಮದಲ್ಲೂ ಹುಡುಗ ಕಾಣಿಸಿಕೊಂಡ, ತಟ್ಟೆ ಮಾತ್ರ ಬಿದ್ದುಹೋಯಿತು. ಮುಗಿಸಿಟ್ಟಿದ್ದ ಆಲ್ಬಮ್ ಪೆಟ್ಟಿಗೆಯಲ್ಲೇ ಕೂತು 2003ರಲ್ಲಿ ಬೆಳಕು ಕಂಡಿತು. ಗಾಯಕ ಮಾರ್ಟಿ ವೈಲ್ಡ್‌ನ ಮಗ ರಿಕಿ ವೈಲ್ಡ್ ಬಾಲಕನಾಗಿ ಹಾಡಿ ಸೋತವನು. ಮುಂದೆ ಅಪ್ಪನ ಜೊತೆ ಸೇರಿ ಅಕ್ಕ ಕಿಮ್‌ಗಾಗಿ 'ಕಿಡ್ಸ್ ಇನ್ ಅಮೆರಿಕ' ಬರೆದು 1981ರಲ್ಲಿ ಗೆದ್ದ. ಹೀಗೇ ಸೋತ ಜೂಕ್ ತಂಡದ ಇಬ್ಬರು ಸ್ಪಾರ್ಕ್ಸ್ ತಂಡ ಸೇರಿ ಪಾರಾದರು.

ಈ ತಟ್ಟೆಗಳು ಹೋದದ್ದೆಲ್ಲಿಗೆ? ಧರ್ಮಾರ್ಥ ಅಂಗಡಿಗೆ, ಚರ್ಚಿನ ಹಳೆಸಾಮಾನು ಮಾರಾಟಕ್ಕೆ, ಸಂತೆಯ ಮೇಜಿನಡಿಯ ರಟ್ಟಿನ ಪೆಟ್ಟಿಗೆಗೆ. ಲೇಬಲ್ಲಿನ ಮೇಲೆ ದೊಡ್ಡದಾಗಿ 'ಎ' ಅಕ್ಷರ ಒತ್ತಿದ ರೇಡಿಯೊ ಪ್ರತಿಗಳು, ಜೂಕ್‌ಬಾಕ್ಸಿಗೆಂದು ನಡುಭಾಗ ಕತ್ತರಿಸಿದ ಪ್ರತಿಗಳು ಅಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದವು. ಬೋವಿಯನ್ನು ಗಂಭೀರವಾಗಿ ಚರ್ಚಿಸಿದ ವಿಮರ್ಶಕರು ಈ ಕಸವನ್ನು ಮೂಸಿಯೂ ನೋಡಲಿಲ್ಲ. 'ಟಾಪ್ ಆಫ್ ದ ಪಾಪ್ಸ್'ನ ಆ ಕಾಲದ ಎಷ್ಟೋ ಟೇಪುಗಳನ್ನು ಬಿಬಿಸಿ ಅಳಿಸಿ ಮತ್ತೆ ಬಳಸಿಕೊಂಡಿತ್ತು.

ಹಳೆಯ ಸೋತ ತಟ್ಟೆ ಹೆಕ್ಕುವ ಚಾಳಿ ಇಂಗ್ಲೆಂಡಿಗೆ ಹೊಸದೇನಲ್ಲ. ಮರೆತುಹೋದ ಅಮೆರಿಕನ್ ಸೋಲ್ ಸಿಂಗಲ್‌ಗಳಿಗೆ ರಾತ್ರಿಯಿಡೀ ಕುಣಿಯುವ 'ನಾರ್ದರ್ನ್ ಸೋಲ್' ಗ್ಲ್ಯಾಮ್‌ನ ಕಾಲದಲ್ಲೇ ಬೆಳೆದದ್ದು. ಅದೇ ಕಣ್ಣು ಗ್ಲ್ಯಾಮ್ ಕಡೆ ತಿರುಗಲು ದಶಕಗಳು ಬೇಕಾದವು. ತಿರುಗಿಸಿದವರು ಸ್ವತಃ ಸಂಗೀತಗಾರರು: ಬಜ್‌ಕಾಕ್ಸ್ ತಂಡದ ಆಗಿನ ಬಾಸ್ ವಾದಕ ಟೋನಿ ಬಾರ್ಬರ್, ಲಶ್ ತಂಡದಲ್ಲಿದ್ದ ಫಿಲ್ ಕಿಂಗ್, ಸೇಂಟ್ ಎಟಿಯೆನ್‌ನ ಬಾಬ್ ಸ್ಟ್ಯಾನ್ಲಿ. 2003ರಲ್ಲಿ ಎರಡು ಸಂಕಲನಗಳು ಬಂದವು. ಕಿಂಗ್ ಮತ್ತು ಸ್ಟ್ಯಾನ್ಲಿ ಆಯ್ದದ್ದು 'ವೆಲ್ವೆಟ್ ಟಿನ್‌ಮೈನ್'. ಬೋವಿಯ 'ವೆಲ್ವೆಟ್ ಗೋಲ್ಡ್‌ಮೈನ್' ಎಂಬ ಹಾಡಿನ ಚಿನ್ನದ ಗಣಿಯನ್ನು ತವರದ ಗಣಿ ಮಾಡಿದ ಈ ಹೆಸರೇ ಒಂದು ವಿಮರ್ಶೆ. ಬಾರ್ಬರ್‌ನದು 'ಗ್ಲಿಟರ್ ಫ್ರಮ್ ದ ಲಿಟರ್ ಬಿನ್', ಅಂದರೆ ಕಸದ ಬುಟ್ಟಿಯ ಮಿನುಗು. 2019ರಲ್ಲಿ ಕಿಂಗ್ 60 ಹಾಡುಗಳನ್ನು ಮೂರು ಸಿಡಿಗಳಲ್ಲಿ ಸೇರಿಸಿ 'ಆಲ್ ದ ಯಂಗ್ ಡ್ರೂಗ್ಸ್' ತಂದ.

ಪಂಕ್ ಕೇಳಿ ಬೆಳೆದ ಕಿವಿಗಳಿಗೆ ಈ ತಟ್ಟೆಗಳಲ್ಲಿ 1976ರ ಪಂಕ್ ಅಲೆಯ ಪೂರ್ವಸೂಚನೆ ಕೇಳಿಸಿತು. ಇದು ಪೂರ್ತಿ ಕಲ್ಪನೆಯೂ ಅಲ್ಲ. ಜೆಸ್ಸಿ ಹೆಕ್ಟರ್‌ನ ಹ್ಯಾಮರ್‌ಸ್ಮಿತ್ ಗೊರಿಲ್ಲಾಸ್ ತಂಡದವರು 1974ರಲ್ಲಿ ಕಿಂಕ್ಸ್‌ನ 'ಯು ರಿಯಲಿ ಗಾಟ್ ಮಿ'ಯನ್ನು ಒರಟಾಗಿ ಬಾರಿಸಿ, ಎರಡು ವರ್ಷದ ಬಳಿಕ ಫ್ರಾನ್ಸಿನ ಮೋಂ-ದ-ಮಾರ್ಸಾನ್‌ನ ಪಂಕ್ ಉತ್ಸವದಲ್ಲೂ ನುಡಿಸಿದ್ದರು. ಆದರೂ ಎಲ್ಲ ತಟ್ಟೆಗೂ ಬಂಡಾಯದ ಪಟ್ಟ ಕಟ್ಟುವುದು ಸಂಗ್ರಾಹಕರ ಪ್ರೀತಿ ಅಷ್ಟೆ. ಬಹುಪಾಲು ತಟ್ಟೆಗಳ ಹಿಂದೆ ಇದ್ದದ್ದು ಹೇಗಾದರೂ ಒಂದು ಹಿಟ್ ಗಿಟ್ಟಿಸುವ ಲೆಕ್ಕಾಚಾರ.

ಗಡಿಯ ಪ್ರಶ್ನೆಯೂ ತೀರಿಲ್ಲ. ಗೆದ್ದ ಹಾಡಿಗೆ ಇಲ್ಲಿ ಪ್ರವೇಶವಿಲ್ಲ ಎನ್ನುವುದಾದರೆ ಆ್ಯರೋಸ್ ತಂಡವನ್ನು ಎಲ್ಲಿಡುವುದು? 1975ರಲ್ಲಿ ಅವರು 'ಐ ಲವ್ ರಾಕ್ ಎನ್ ರೋಲ್' ಹಾಡನ್ನು ಮೊದಲು ತಟ್ಟೆಯ ಹಿಂಬದಿಗೆ ಹಾಕಿದರು. ಆಮೇಲೆ ಮುಂಬದಿಗೆ ತಂದರೂ ಓಡಲಿಲ್ಲ. ಪ್ರವಾಸದಲ್ಲಿದ್ದ ಅಮೆರಿಕನ್ ಗಾಯಕಿ ಜೋನ್ ಜೆಟ್ ಇಂಗ್ಲೆಂಡಿನ ಟಿವಿಯಲ್ಲಿ ಅದನ್ನು ಕಂಡಿದ್ದಳು. 1982ರಲ್ಲಿ ಅವಳು ಹಾಡಿದಾಗ ಅಮೆರಿಕದಲ್ಲಿ ಅದು ಏಳು ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ.