ಮಗ್ಗಕ್ಕಿಂತ ಮೊದಲು ಬೀಮ್: ಕ್ಲೌಡ್‌ನಲ್ಲಿ ಬಿಲ್ಡ್ ಹಂಚಿಕೆಯ ಒಂದು ವಿಚಾರ

ಕೊಲ್ಹಾಪುರ ಜಿಲ್ಲೆಯ ನೇಕಾರರ ಊರು ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ತಂದವರು ವಿಠ್ಠಲರಾವ್ ದಾತಾರ್. ಬೆನ್ನಿಗೆ ನಿಂತವರು ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ್ ಘೋರ್ಪಡೆ. ಅಲ್ಲಿನ ಮಜೂರಿ ಪದ್ಧತಿಯಲ್ಲಿ ನೂಲು ವ್ಯಾಪಾರಿಯದು, ಹಾಸುನೂಲಿಗೆ ಗಂಜಿ ಹಾಕಿ ಬೀಮ್ ಎಂಬ ಉರುಳೆಗೆ ಸುತ್ತುವುದು ಸೈಜಿಂಗ್ ಘಟಕದ ಪಾಲು, ನೇಯುವುದು ಮಗ್ಗದವರ ಪಾಲು. ಬೀಮ್ ಬಾರದಿದ್ದರೆ ಎಷ್ಟು ಮಗ್ಗವಿದ್ದರೂ ಸುಮ್ಮನೆ ನಿಲ್ಲಬೇಕು. ಕ್ಲೌಡ್‌ನಲ್ಲಿ ತಂತ್ರಾಂಶದ ಬಿಲ್ಡ್ ಹಂಚುವವರು ಎಡವುವುದೂ ಇಲ್ಲೇ ಎಂಬುದು ಈ ಲೇಖನದ ವಾದ.

ಬಿಲ್ಡ್‌ಗಳನ್ನು ತಾನಾಗಿ ನಡೆಸಲು ಕೊಹ್ಸುಕೆ ಕವಾಗುಚಿ ಆರಂಭಿಸಿದ ಹಡ್ಸನ್ ಎಂಬ ತಂತ್ರಾಂಶ 2011ರಲ್ಲಿ ಜೆಂಕಿನ್ಸ್ ಎಂಬ ಹೆಸರು ಪಡೆಯಿತು. 2013ರಲ್ಲಿ ಕೆಲಸವನ್ನು ಕಂಟೇನರ್‌ಗಳಲ್ಲಿ ನಡೆಸುವ ಡಾಕರ್ ಬಂತು. ಈಗಿನ ರೂಢಿಯಲ್ಲಿ ಕೆಲಸ ಸರದಿಗೆ ಬಂದಾಗ ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ಒಂದು ಪಾಡ್ (ಕಂಟೇನರ್‌ಗಳ ಘಟಕ) ಎಬ್ಬಿಸುತ್ತದೆ, ಮುಗಿದೊಡನೆ ಅಳಿಸುತ್ತದೆ. ನಿನ್ನೆಯ ಕಸ ಇಂದಿನ ಬಿಲ್ಡ್‌ಗೆ ಅಂಟುವುದಿಲ್ಲ, ನಿಜ. ಆದರೆ ನಿನ್ನೆ ಇಳಿಸಿಕೊಂಡ ಲೈಬ್ರರಿಗಳೂ ಉಳಿಯುವುದಿಲ್ಲ.

ಹಂಚಲಾಗದ ಭಾಗವೇ ವೇಗಕ್ಕೆ ಮಿತಿ ಎಂದು 1967ರಲ್ಲಿ ಜೀನ್ ಆಮ್ಡಾಲ್ ಮಂಡಿಸಿದ ತರ್ಕವನ್ನು ಇಲ್ಲಿ ಹಚ್ಚಿ ನೋಡೋಣ. 50 ನಿಮಿಷದ ಒಂದು ಬಿಲ್ಡ್. ಅದರಲ್ಲಿ ಲೈಬ್ರರಿ ಇಳಿಸುವುದು, ಕೊನೆಯ ಲಿಂಕಿಂಗ್ ಸೇರಿ 10 ನಿಮಿಷ ಹಂಚಲಾಗದ್ದು ಎನ್ನಿ. 10 ಕಂಟೇನರ್‌ಗೆ ಹಂಚಿದರೆ 14 ನಿಮಿಷ. 100ಕ್ಕೆ ಏರಿಸಿದರೂ 10.4. ಹಂಚಲಾಗದ ಭಾಗವನ್ನೇ 4 ನಿಮಿಷಕ್ಕೆ ಇಳಿಸಿದರೆ ಅದೇ 10 ಕಂಟೇನರ್‌ಗಳಲ್ಲಿ 8 ನಿಮಿಷ ಸಾಕು. ಬಿಲ್ ಕಟ್ಟುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಆ ಹಂಚಲಾಗದ ಭಾಗವನ್ನು ತಗ್ಗಿಸುವ ದಾರಿ, ಕಂಟೇನರ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನ ಸಾಲುಗಳ ಕ್ರಮದಲ್ಲೇ ಇದೆ. ಲೈಬ್ರರಿಗಳ ಪಟ್ಟಿಯನ್ನು ಮೊದಲು ನಕಲಿಸಿ, ಅವನ್ನು ಇನ್‌ಸ್ಟಾಲ್ ಮಾಡಿ, ಆಮೇಲೆ ಮೂಲ ಕೋಡ್ ತರಬೇಕು. ಹಿಂದುಮುಂದಾದರೆ ಒಂದಕ್ಷರ ತಿದ್ದಿದರೂ ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗುತ್ತದೆ. ಹೀಗೆ ಮರುಬಳಕೆಗೆ ಉಳಿಸಿದ ಫಲಗಳ ಸಂಗ್ರಹವೇ ಕ್ಯಾಶ್; ಅಳಿದುಹೋಗುವ ಪಾಡ್‌ನಲ್ಲಿ ಅದನ್ನು ಇಟ್ಟು ಪ್ರಯೋಜನವಿಲ್ಲ. ಅದು ಹೊರಗೆ, ಸರ್ವರ್‌ಗಳಿರುವ ಪ್ರದೇಶದಲ್ಲೇ ಇರಬೇಕು. ಕೊಲ್ಹಾಪುರದವರಿಗೆ 2016ರಲ್ಲಿ ತೆರೆದ ಅಮೆಜಾನ್‌ನ ಮುಂಬೈ ಪ್ರದೇಶ ಹತ್ತಿರದ ಆಯ್ಕೆ. ಅದೇ ಜಿಲ್ಲೆಯ ಗಡಹಿಂಗ್ಲಜ್‌ನಲ್ಲಿ ಕೂತು ಕೋಡ್ ಬರೆಯುವವರ ಗಿಟ್ ಆಗ ಕಳಿಸಬೇಕಾದದ್ದು ಬದಲಾವಣೆಯನ್ನಷ್ಟೇ; ಭಾರದ ಸಾಗಣೆಯೆಲ್ಲ ಮುಂಬೈಯೊಳಗೇ ನಡೆಯುತ್ತದೆ.

ಅಗ್ಗವೆಂದು ಸ್ಪಾಟ್ ಸರ್ವರ್ ಹಿಡಿಯುವವರಿಗೆ ಇನ್ನೊಂದು ಮಾತು. ಅಮೆಜಾನ್ ಅದನ್ನು ವಾಪಸು ಪಡೆಯುವ ಮುನ್ನ ಸಾಮಾನ್ಯವಾಗಿ ಕೊಡುವ ಸೂಚನೆ ಎರಡೇ ನಿಮಿಷದ್ದು. ಹಾಗಾಗಿ ಕೆಲಸದ ತುಂಡುಗಳು ಚಿಕ್ಕವಿರಬೇಕು, ಮುಗಿದ ತುಂಡಿನ ಫಲ ಆಗಿಂದಾಗ ಕ್ಯಾಶ್‌ಗೆ ಸೇರಬೇಕು. ಆದರೆ ಪರಿಶೀಲಿಸದ ಕೋಡ್ ಕ್ಯಾಶನ್ನು ಕೆಡಿಸದಂತೆ, ಅದಕ್ಕೆ ಬರೆಯುವ ಅಧಿಕಾರ ಪರಿಶೀಲನೆಯಾದ ಮುಖ್ಯ ಶಾಖೆಯ ಬಿಲ್ಡ್‌ಗಳಿಗೆ ಮಾತ್ರ ಇರಲಿ. ಉಳಿದವು ಓದಿಕೊಂಡರೆ ಸಾಕು.